ಹರ್ಷಿತಾಳ ದುಂಡಗಿನ ಅಕ್ಷರ

ಕೊರೊನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ಎರಡನೆಯ ವರ್ಷ. ಆಗ ನಾನು ಮೈಸೂರಿನ ಕುಂಬಾರಕೊಪ್ಪಲಿನ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು, ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ನಲಿ-ಕಲಿ ಎಂದರೆ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ, ಗುಂಪು ಗುಂಪಾಗಿ ಕೂತು, ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಗೋಡೆಯ ಮೇಲೆ ಪ್ರಗತಿ ನೋಟ ಎಂಬ ದೊಡ್ಡ ಹಾಳೆ ಇರುತ್ತದೆ. ಯಾವ ಮಗು ಯಾವ ಮೆಟ್ಟಿಲು ದಾಟಿದೆ ಎಂದು ಅದರಲ್ಲಿ ಗುರುತು ಹಾಕುವುದು ನಮ್ಮ ಕೆಲಸ. ಆ ವರ್ಷ ನನ್ನ ಕೊಠಡಿಯಲ್ಲಿ ಇಪ್ಪತ್ತೆರಡು ಮಕ್ಕಳು. ಅದರಲ್ಲಿ ಒಂದನೇ ತರಗತಿಯವರು ಎಂಟು.

ಆ ಎಂಟರಲ್ಲಿ ಒಬ್ಬಳು ಹರ್ಷಿತಾ. ತಂದೆ ಸಿದ್ದರಾಜು ಪೇಂಟರ್, ತಾಯಿ ಮಂಜುಳ ಮನೆಯಲ್ಲೇ ಅಗರಬತ್ತಿ ಹೊಸೆಯುತ್ತಿದ್ದರು. ಸಿದ್ದರಾಜು ಅವರದು ಹತ್ತಿರದ ಹಳ್ಳಿಯೊಂದರ ಬೇಸಾಯದ ಮನೆತನ. ಮದುವೆಯಾದ ಮೇಲೆ ಊರಿನಿಂದ ಬಂದು ಇಲ್ಲೇ ನೆಲೆಸಿದ್ದರು. ಹುಡುಗಿ ಮಾತು ಕಮ್ಮಿ, ಗಲಾಟೆ ಇಲ್ಲ, ಒಂದು ದಿನವೂ ಶಾಲೆ ತಪ್ಪಿಸುತ್ತಿರಲಿಲ್ಲ. ನಮ್ಮ ಪದ್ಧತಿಯಲ್ಲಿ ಅ ಆ ಇ ಈ ಎಂದು ಶುರುಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಇವು ಬರೆಯಲು ಸುಲಭ, ಸೇರಿಸಿದರೆ ಕೂಡಲೇ ಪದವೂ ಆಗುತ್ತವೆ. ಬೇರೆ ಮಕ್ಕಳ 'ಸ' ಒಂದು ಕಡೆ ಬಿದ್ದು 'ದ' ಇನ್ನೊಂದು ಕಡೆ ಮಲಗಿರುವಾಗ ಹರ್ಷಿತಾಳ ಅಕ್ಷರ ಅಚ್ಚು ಹೊಡೆದ ಹಾಗೆ ಇರುತ್ತಿತ್ತು. ದುಂಡಗೆ, ಒಂದೇ ಎತ್ತರ, ಒಂದೇ ದಪ್ಪ. ನಾನು ಅವಳ ಪುಸ್ತಕವನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸುತ್ತಿದ್ದೆ. ಮನೆಯಲ್ಲೂ ಯಾರೋ ಕೂರಿಸಿ ಬರೆಸುತ್ತಿದ್ದಾರೆ ಅನ್ನುವುದು ನೋಡಿದರೆ ಗೊತ್ತಾಗುತ್ತಿತ್ತು. ಡೈರಿಯಲ್ಲಿ ತಂದೆಯ ಸಹಿಯೂ ಹಾಗೇ, ಕನ್ನಡದಲ್ಲಿ ಪೂರ್ತಿ ಹೆಸರು, ಚಿತ್ರದ ಹಾಗೆ. ಅಕ್ಟೋಬರ್ ಹೊತ್ತಿಗೆ ಪ್ರಗತಿ ನೋಟದಲ್ಲಿ ಒಂದನೇ ತರಗತಿಯವರ ಪೈಕಿ ಎಲ್ಲರಿಗಿಂತ ಮುಂದೆ ಅವಳ ಗುರುತಿತ್ತು.

ದಸರಾ ರಜೆ ಮುಗಿದು ಎರಡು ವಾರವಾಗಿರಬಹುದು. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಪುಸ್ತಕ ತಿದ್ದುತ್ತಾ ಕೂತಿದ್ದೆ. ಬೆಳಿಗ್ಗೆ ಬೋರ್ಡಿನ ಮೇಲೆ 'ಅರಸ' ಎಂದು ಬರೆದು ನೋಡಿಕೊಂಡು ಬರೆಯಲು ಹೇಳಿದ್ದೆ. ಬೋರ್ಡಿನ ಆ ಜಾಗದಲ್ಲಿ ಹಿಂದಿನ ದಿನದ ಒಂದು ಲೆಕ್ಕ ಸರಿಯಾಗಿ ಅಳಿಸಿರಲಿಲ್ಲ. ಹರ್ಷಿತಾಳ ಪುಸ್ತಕದಲ್ಲಿ 'ಅರಸ' ಇತ್ತು. ಅದರ ಪಕ್ಕದಲ್ಲಿ ಅರ್ಧ ಅಳಿಸಿದ ಐದರ ಬಾಲವೂ ಇತ್ತು. ಕೆಳಗೆ, ಡಸ್ಟರ್ ಎಳೆದ ಗುರುತನ್ನು ಪೆನ್ಸಿಲ್ಲಿನಲ್ಲಿ ಮೆತ್ತಗೆ ತೀಡಿ ತೋರಿಸಿದ್ದಳು. ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ.

ಮೊದಲು ನಗು ಬಂತು. ಆಮೇಲೆ ಅನುಮಾನ ಬಂತು. ಅವಳನ್ನು ಹತ್ತಿರ ಕರೆದು ಒಂದು ಚೀಟಿಯಲ್ಲಿ 'ಸರ' ಎಂದು ಬರೆದು, ಇದೇನು ಹೇಳಮ್ಮ ಅಂದೆ. ಅವಳು ಚೀಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೇಳಿದಳು:

"ಬರೀಲಾ ಮಿಸ್?"

'ಸ' ಒಂದನ್ನೇ ತೋರಿಸಿದೆ. 'ರ' ತೋರಿಸಿದೆ. ಕಾರ್ಡುಗಳನ್ನೆಲ್ಲ ಹರಡಿ, 'ಗ' ಎಲ್ಲಿದೆ ಹುಡುಕು ಅಂದೆ. ಅವಳಿಗೆ ಒಂದೂ ಗೊತ್ತಿರಲಿಲ್ಲ. ಐದು ತಿಂಗಳು ಅವಳು ಬರೆದಿದ್ದು ಅಕ್ಷರವಲ್ಲ, ಚಿತ್ರ. ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಅವಳ ತುಟಿಯೂ ಆಡುತ್ತಿತ್ತು, ನಾನು ಅಷ್ಟಕ್ಕೇ ತೃಪ್ತಿಪಟ್ಟಿದ್ದೆ. ಒಬ್ಬಳನ್ನೇ ಕೂರಿಸಿಕೊಂಡು ಓದಿಸಿ ಆಮೇಲೆ ಗುರುತು ಹಾಕಬೇಕು ಎನ್ನುವುದು ನಿಯಮ. ಅಂದವಾದ ಪುಸ್ತಕ ನೋಡಿ ನಾನು ಅದನ್ನು ಬಿಟ್ಟಿದ್ದೆ. ಇಪ್ಪತ್ತೊಂಬತ್ತು ವರ್ಷದ ಅನುಭವ ಇದ್ದವಳು ಮಾಡಿದ ತಪ್ಪು ಅದು. ಬೇರೆ ಯಾರ ಮೇಲೂ ಹಾಕುವ ಹಾಗಿರಲಿಲ್ಲ.

ಮಾರನೆಯ ದಿನ ತಂದೆಯನ್ನು ಬರಹೇಳಿದೆ. ಸಿದ್ದರಾಜು ಕೆಲಸಕ್ಕೆ ಹೋಗುವ ಮುಂಚೆ, ಬಣ್ಣದ ಕಲೆಗಳಿದ್ದ ಅಂಗಿಯಲ್ಲೇ ಬಂದರು. ಮೂವತ್ತರ ಆಸುಪಾಸಿನ ಸಣ್ಣ ಆಳು, ನಿಂತೇ ಮಾತಾಡಿದರು. ಮಗಳಿಗೆ ಓದಲು ಬರುತ್ತಿಲ್ಲ ಎಂದಾಗ ಅವರ ಮುಖ ಸಪ್ಪೆಯಾಯಿತು. ದಿನಾ ಸಂಜೆ ಒಂದು ಗಂಟೆ ಮಗಳ ಪಕ್ಕ ಕೂರುತ್ತೇನೆ, ಒಂದು ಗೆರೆ ಸೊಟ್ಟಗಾದರೂ ಅಳಿಸಿ ಮತ್ತೆ ಬರೆಸುತ್ತೇನೆ ಎಂದು ಹೇಳಿಕೊಂಡರು. ಅದು ಸುಳ್ಳಲ್ಲ ಎಂದು ಪುಸ್ತಕವೇ ಹೇಳುತ್ತಿತ್ತು. ನಾನು, ಇನ್ನು ಬರೆಸುವುದು ನಿಲ್ಲಿಸಿ, ಓದಿಸಿ ಎಂದೆ. ಹತ್ತು ಪದಗಳ ಕಾರ್ಡು ಕೊಟ್ಟು, ದಿನಾ ಇದನ್ನು ಅವಳಿಂದ ಗಟ್ಟಿಯಾಗಿ ಓದಿಸಿ ತಪ್ಪಿದ್ದರೆ ತಿದ್ದಿ, ಡೈರಿಯಲ್ಲಿ ಬರೆದು ಕಳಿಸಿ ಎಂದು ಖಡಾಖಂಡಿತವಾಗಿ ಹೇಳಿದೆ. ಅವರು ಕಾರ್ಡುಗಳನ್ನು ಜೇಬಿಗೆ ಹಾಕಿಕೊಂಡು, ಆಯ್ತು ಮೇಡಂ ಎಂದು ಹೊರಟರು.

ಡೈರಿಯಲ್ಲಿ ಏನೂ ಬರಲಿಲ್ಲ. ಎರಡನೇ ವಾರ ಹರ್ಷಿತಾ ಒಂದು ದಿನ ಬರಲಿಲ್ಲ, ಮುಂದಿನ ವಾರ ಮೂರು ದಿನ. ಬಂದ ದಿನವೂ ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ಊಟದ ತಟ್ಟೆ ಹಾಗೇ ಇರುತ್ತಿತ್ತು. ಶುಕ್ರವಾರ ಅವಳ ತಾಯಿ ಬಂದು ಟಿ.ಸಿ. ಕೇಳಿದರು. ಪಕ್ಕದ ಬಡಾವಣೆಯಲ್ಲಿ ಒಂದು ಖಾಸಗಿ ಶಾಲೆಯಿದೆ, ಅಲ್ಲಿ ಸಂಜೆಯ ಟ್ಯೂಷನ್ನೂ ಅವರೇ ಮಾಡುತ್ತಾರಂತೆ, ಮನೆಯವರು ಏನೂ ಹೇಳಿಕೊಡುವುದು ಬೇಡವಂತೆ, ಅವಳ ಅಪ್ಪ ಜನವರಿಗೆ ಅಲ್ಲಿಗೆ ಸೇರಿಸಬೇಕು ಅಂತಿದ್ದಾರೆ ಎಂದರು. ಮಗು ಯಾಕೆ ಹೀಗಾದಳು ಎಂದು ಕೇಳಿದೆ. ಮಂಜುಳ ಹೇಳಿದರು:

"ಅವ್ರು ಈಗ ಮಗೂ ಪಕ್ಕ ಕೂರಲ್ಲ ಮಿಸ್. ಬಂದೋರೇ ಹೊರಗಡೆ ಹೊರಟೋಗ್ತಾರೆ. ಅಪ್ಪಂಗೆ ನನ್ ಮೇಲೆ ಕೋಪ ಅಂತ ಅವ್ಳು ಅಂದ್ಕೊಬುಟ್ಟವಳೆ."

ಯಾಕೆ ಕೂರುವುದಿಲ್ಲ ಎಂದು ಕೇಳಿದೆ. ತನಗೂ ಓದು ಬರುವುದಿಲ್ಲ ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. 'ತನಗೂ' ಎಂದದ್ದನ್ನು ನಾನು ಆಗ ಗಮನಿಸಲಿಲ್ಲ. ಟಿ.ಸಿ.ಗೆ ಒಂದು ವಾರ ಸಮಯ ಕೊಡಿ ಎಂದು ಕೇಳಿಕೊಂಡು ಕಳಿಸಿದೆ.

ಅದಾದ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ, ಯಾದವಗಿರಿಯಲ್ಲಿರುವ ನನ್ನ ತಂಗಿಯ ಮನೆಗೆ ನಡೆದು ಹೋಗುತ್ತಿದ್ದೆ. ಒಂದು ಬಂಗಲೆಯ ಕಾಂಪೌಂಡಿನ ಮುಂದೆ ಸಿದ್ದರಾಜು ಕುಕ್ಕರುಗಾಲಲ್ಲಿ ಕೂತು ಗೋಡೆಯ ಮೇಲೆ ಅಕ್ಷರ ಬರೆಯುತ್ತಿದ್ದರು. ಅವರು ಬರೀ ಗೋಡೆಗೆ ಬಣ್ಣ ಹೊಡೆಯುವವರಲ್ಲ, ಬೋರ್ಡು ಬರೆಯುವವರು ಎಂದು ಗೊತ್ತಾದದ್ದು ಆಗಲೇ. ಅವರ ಮೇಸ್ತ್ರಿ ಸೀಮೆಸುಣ್ಣದಲ್ಲಿ ಅಕ್ಷರದ ಗೆರೆ ಎಳೆದು ಹೋಗಿದ್ದರು, ಇವರು ಅದರೊಳಗೆ ಕೆಂಪು ಬಣ್ಣ ತುಂಬುತ್ತಿದ್ದರು. 'ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ.' ಎಂಥ ಅಕ್ಷರ! ಹರ್ಷಿತಾಳ ದುಂಡಗಿನ ಕೈ ಎಲ್ಲಿಂದ ಬಂತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರ ಸೈಕಲ್ಲು ಸರಿಯಾಗಿ ಆ ಗೇಟಿನ ಮುಂದೆಯೇ ನಿಂತಿತ್ತು. ನಾನು ತಮಾಷೆಗೆ, ನೀವೇ ಬರೆದು ನೀವೇ ಸೈಕಲ್ ನಿಲ್ಲಿಸಿದ್ದೀರಲ್ಲ ಅಂದೆ.

ಅವರು ನಕ್ಕರು. ಆದರೆ ನಾನು ಯಾಕೆ ಹಾಗಂದೆ ಎಂದು ಅವರಿಗೆ ತಿಳಿದಿರಲಿಲ್ಲ. ಸೈಕಲ್ಲನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆ ನೋಟವನ್ನು ನಾನು ಮೂರು ವಾರದ ಹಿಂದೆ ನನ್ನ ಕೊಠಡಿಯಲ್ಲೇ ನೋಡಿದ್ದೆ. ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸುತ್ತಾ ಅವರೇ ಹೇಳಿದರು:

"ಬರ್ಯಕ್ಕೆ ಬತ್ತದೆ ಮೇಡಂ. ಓದಕ್ಕೆ ಬರಕಿಲ್ಲ."

ಪಕ್ಕದ ಕಲ್ಲಿನ ಮೇಲೆ ಕೂತೆ. ಅವರು ಕೆಲಸ ಮಾಡುತ್ತಲೇ ಹೇಳಿದರು. ಊರಿನ ಶಾಲೆಗೆ ಹೆಚ್ಚು ದಿನ ಹೋಗಿರಲಿಲ್ಲ. ಇಲ್ಲಿ ಬಂದು ಕೈ ಪಳಗಿತು, ಗೆರೆ ಇದ್ದರೆ ಯಾವ ಭಾಷೆಯ ಅಕ್ಷರವನ್ನಾದರೂ ತುಂಬುತ್ತಾರೆ. ಮಗಳು ಮಾತ್ರ, ಅಪ್ಪ ಊರಿಗೆಲ್ಲ ಬೋರ್ಡು ಬರೆಯುವವನು, ದೊಡ್ಡ ಓದುಗಾರ ಎಂದು ನಂಬಿದ್ದಳು. ನಾನು ಕೊಟ್ಟ ಕಾರ್ಡು ಹಿಡಿದು ಅವಳು ಮೊದಲನೇ ದಿನ, ಇದೇನಪ್ಪಾ ಎಂದು ಕೇಳಿದಳಂತೆ. ನಾಳೆ ಹೇಳ್ತೀನಿ ಅಂದರಂತೆ. ಆ ನಾಳೆಯಿಂದ ತಪ್ಪಿಸಿಕೊಳ್ಳಲು ಹೊರಗೆ ಹೋಗತೊಡಗಿದರು.

ನನ್ನ ಎರಡನೆಯ ತಪ್ಪು ಆಗ ಕಾಣಿಸಿತು. ಮೊದಲನೆಯದು ಓದಿಸಿ ನೋಡದೆ ಗುರುತು ಹಾಕಿದ್ದು. ಇದು ಅದಕ್ಕಿಂತ ದೊಡ್ಡದು. ಆ ಮಗುವಿನ ದಿನದಲ್ಲಿ ಎಲ್ಲಕ್ಕಿಂತ ಒಳ್ಳೆಯದಾಗಿದ್ದ ಒಂದು ಗಂಟೆಯನ್ನು ನಾನು ಹತ್ತು ಕಾರ್ಡು ಕೊಟ್ಟು ನಿಲ್ಲಿಸಿಬಿಟ್ಟಿದ್ದೆ. ತಪ್ಪು ನನ್ನದು ಎಂದು ಅವರಿಗೆ ಹೇಳಿದೆ. ಓದಿಸುವುದು ನನ್ನ ಕೆಲಸ, ಅದನ್ನು ನಿಮ್ಮ ತಲೆಗೆ ಕಟ್ಟಬಾರದಿತ್ತು, ನೀವು ಮೊದಲಿನ ಹಾಗೆ ಪಕ್ಕದಲ್ಲಿ ಕೂರಿ, ಇವತ್ತು ಎಲ್ಲಿ ಕೆಲಸ ಮಾಡಿದಿರಿ, ಯಾವ ಅಂಗಡಿ, ಏನು ಮಾರುತ್ತಾರೆ, ಯಾವ ಬಣ್ಣ ಹಾಕಿದಿರಿ ಎಂದು ಮಾತಾಡಿ, ಅವಳನ್ನೂ ಮಾತಾಡಿಸಿ ಎಂದೆ. ಮಾತಾಡಿದರೆ ಓದು ಬರುತ್ತದಾ ಎಂದು ಅವರು ಅನುಮಾನದಿಂದ ಕೇಳಿದರು. ಆರು ವರ್ಷದ ಮಗು ಮೊದಲು ಮಾತನ್ನು ಕಿವಿಯಿಂದ ಹಿಡಿಯಬೇಕು. 'ಗಾಡಿ'ಯೂ 'ಗಾಳಿ'ಯೂ ಒಂದೇ ಸದ್ದಿನಿಂದ ಶುರುವಾಗುತ್ತವೆ ಎಂದು ಕಿವಿಗೆ ತಿಳಿದ ಮೇಲೆಯೇ 'ಗ' ಎಂಬ ಗೆರೆಗೆ ಅರ್ಥ ಬರುವುದು ಎಂದು ವಿವರಿಸಿದೆ. ಇನ್ನೊಂದು ಮಾತೂ ಹೇಳಿದೆ. ನಿಮಗೆ ಓದು ಬರುವುದಿಲ್ಲ ಎಂದು ಮಗಳಿಗೆ ನೀವೇ ಹೇಳಿಬಿಡಿ. ಅವರು ಬ್ರಷ್ಷು ಕೆಳಗಿಟ್ಟರು. "ಅದೊಂದು ಬ್ಯಾಡಿ ಮೇಡಂ" ಅಂದರು. ನಾನು ಒತ್ತಾಯ ಮಾಡಲಿಲ್ಲ.

ಸೋಮವಾರ, ಮಂಗಳವಾರ ಹರ್ಷಿತಾ ಬರಲಿಲ್ಲ. ಬುಧವಾರ ಪ್ರಾರ್ಥನೆಗೆ ಮುಂಚೆಯೇ ಬಂದು ನನ್ನ ಮೇಜಿನ ಹತ್ತಿರ ನಿಂತಳು. ಅವಳಾಗಿಯೇ ಮಾತು ಶುರುಮಾಡಿದ್ದು ಅದೇ ಮೊದಲು.

"ಅಪ್ಪಂಗೆ 'ರ' ಬರಲ್ಲ ಮಿಸ್. ನಾನೇ ಹೇಳ್ಕೊಡ್ಬೇಕು. ಬೇಗ ಹೇಳ್ಕೊಡಿ."

ಮುಖ ತಿರುಗಿಸಿ ಬೀರುವಿನಲ್ಲಿ ಕಾರ್ಡು ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ನಿಂತೆ.

ಅವತ್ತಿನಿಂದ ಮೊದಲನೇ ಮೆಟ್ಟಿಲಿನಿಂದ ಶುರುಮಾಡಿದೆವು. ಒಂದು ತಿಂಗಳು ಅವಳ ಕೈಗೆ ಪೆನ್ಸಿಲ್ಲನ್ನೇ ಕೊಡಲಿಲ್ಲ. ಪದ ಹೇಳಿ ಚಪ್ಪಾಳೆ ತಟ್ಟಿ ಸದ್ದು ಎಣಿಸುವುದು, ಒಂದೇ ಸದ್ದಿನ ವಸ್ತುಗಳನ್ನು ಕೊಠಡಿಯಲ್ಲಿ ಹುಡುಕಿ ತರುವುದು, ಹಿಂದಿನ ಸಂಜೆ ಅಪ್ಪ ಹೇಳಿದ್ದನ್ನು ಗುಂಪಿಗೆ ಹೇಳುವುದು. ಆ ಕೊನೆಯ ಭಾಗಕ್ಕೆ ಬೇರೆ ಮಕ್ಕಳೂ ಕಾಯತೊಡಗಿದರು. ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ಹತ್ತಿರ ಬೋರ್ಡು ಬರೆಯಲು ಹೋಗಿದ್ದಾಗ ವಿಮಾನ ತಲೆಯ ಮೇಲೇ ಹಾದುಹೋಗಿ ಅಪ್ಪನ ಟೋಪಿ ಬಿದ್ದ ಕಥೆಯನ್ನು ಅವಳು ಮೂರು ಸಲ ಹೇಳಬೇಕಾಯಿತು. ಅವಳು ಹೇಳಿದ ಒಂದೊಂದು ವಾಕ್ಯವನ್ನು ನಾನು ಅವಳ ಮುಂದೆಯೇ ಬರೆದು, ಬೆರಳಿಟ್ಟು ಓದಿ ತೋರಿಸುತ್ತಿದ್ದೆ. ದಿನಕ್ಕೆ ಒಂದೇ ಅಕ್ಷರದ ಕಾರ್ಡು ಮನೆಗೆ. ಸಂಜೆ ಅವಳು ಅಪ್ಪನನ್ನು ಕೂರಿಸಿ ಪಾಠ ಮಾಡುತ್ತಿದ್ದಳು. ಮಕ್ಕಳ ಮುಂದೆ ಗೊತ್ತಿಲ್ಲದವರ ಹಾಗೆ ನಟಿಸಿ ಎಂದು ನಾವು ತಂದೆತಾಯಿಗೆ ಹೇಳುವುದುಂಟು. ಸಿದ್ದರಾಜು ನಟಿಸಬೇಕಾಗಿರಲಿಲ್ಲ. ಅವರಿಗೆ ನಿಜವಾಗಿ ಬೇಕಿತ್ತು, ಅದು ಅವಳಿಗೆ ಗೊತ್ತಿತ್ತು.

ಎಲ್ಲ ಸರಾಗವಾಗಿ ಆಯಿತು ಎಂದಲ್ಲ. ಹೊರಗಿನ ಕೆಲಸ ಬಂದಾಗ ಸಿದ್ದರಾಜು ವಾರಗಟ್ಟಲೆ ಮನೆಗೆ ತಡವಾಗಿ ಬರುತ್ತಿದ್ದರು, ಆ ವಾರಗಳಲ್ಲಿ ಅವಳು ಕಲಿತದ್ದೂ ಕೈಜಾರುತ್ತಿತ್ತು. ಆಗ ಮಂಜುಳ ಅಗರಬತ್ತಿ ಹೊಸೆಯುತ್ತಾ ಮಗಳ ಪಾಠ ಕೇಳಿಸಿಕೊಳ್ಳುತ್ತಿದ್ದರು. ಟಿ.ಸಿ.ಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪ್ರಗತಿ ನೋಟದಲ್ಲಿ ಅವಳ ಹೆಸರಿನ ಮುಂದಿದ್ದ ಗುರುತುಗಳನ್ನೆಲ್ಲ ಅಳಿಸಿದೆ. ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಲು ಬರುವ ಅಧಿಕಾರಿ ಆ ಖಾಲಿ ಸಾಲು ನೋಡಿ, ಈ ಮಗು ಹಿಂದಕ್ಕೆ ಹೋದದ್ದು ಯಾಕೆ ಎಂದು ಕೇಳಿದರು. ಮಗು ಹಿಂದಕ್ಕೆ ಹೋಗಿಲ್ಲ ಸರ್, ನನ್ನ ಗುರುತು ಮುಂದಕ್ಕೆ ಹೋಗಿತ್ತು ಎಂದೆ. ಅವರು ಏನೋ ಬರೆದುಕೊಂಡರು. ನನಗೆ ಒಂದು ಲಿಖಿತ ವಿವರಣೆ ಕೇಳಿದರು, ಕೊಟ್ಟೆ.

ಫೆಬ್ರವರಿಯ ಒಂದು ಬೆಳಿಗ್ಗೆ ಹರ್ಷಿತಾ ಒಂದು ಕಾರ್ಡು ಹಿಡಿದು ತುಂಬ ಹೊತ್ತು ಕೂತಿದ್ದಳು. ಬೆರಳಿಟ್ಟು ಗ, ರ, ಗ, ಸ ಎಂದು ಬಿಡಿಬಿಡಿಯಾಗಿ ಹೇಳಿದಳು. ಮತ್ತೊಮ್ಮೆ ಹೇಳಿದಳು. ಮೂರನೇ ಸಲ ನಿಲ್ಲಿಸಿ ತಲೆ ಎತ್ತಿದಳು.

"ಗರಗಸ. ಮರ ಕುಯ್ಯೋದಾ ಮಿಸ್?"

ಹೌದಮ್ಮ, ಮರ ಕುಯ್ಯೋದೇ ಅಂದೆ. ಗೆರೆಯ ಒಳಗೆ ಒಂದು ವಸ್ತು ಇದೆ ಎಂದು ಅವಳಿಗೆ ತಿಳಿದ ಗಳಿಗೆ ಅದು. ಆಮೇಲೆ ಹೆಚ್ಚು ದಿನ ಹಿಡಿಯಲಿಲ್ಲ. ಎರಡನೇ ತರಗತಿಯ ದಸರಾ ರಜೆಯ ಹೊತ್ತಿಗೆ ಸಣ್ಣ ಕಥೆಪುಸ್ತಕ ಓದುತ್ತಿದ್ದಳು. ಓದುವ ಅವಸರಕ್ಕೆ ಅವಳ ಅಕ್ಷರ ಎಲ್ಲ ಮಕ್ಕಳ ಅಕ್ಷರದ ಹಾಗೆ ಸ್ವಲ್ಪ ಕೆಟ್ಟಿತು. ಸಿದ್ದರಾಜು ಅವರಿಗೆ ಅದೊಂದು ಬೇಜಾರು. ಅವರು ತಾವು ಮೂಲಾಕ್ಷರಗಳಷ್ಟನ್ನು ಕಲಿತು, ಒತ್ತಕ್ಷರ ಬಂದಾಗ ಕೈಬಿಟ್ಟರು.

ಆ ವರ್ಷದ ಪೋಷಕರ ಸಭೆಯಲ್ಲಿ ನಾನು ಎಂದಿನಂತೆ ಮನೆಯಲ್ಲಿ ಮಕ್ಕಳ ಕಲಿಕೆಗೆ ಹೇಗೆ ನೆರವಾಗಬೇಕು ಎಂದು ಮಾತಾಡುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ನಾವು ಓದಿದವರಲ್ಲ, ನಮ್ಮಿಂದ ಏನಾಗುತ್ತೆ ಮಿಸ್ ಎಂದರು. ನಾನು ಉತ್ತರ ಕೊಡುವ ಮೊದಲೇ ಸಿದ್ದರಾಜು ಎದ್ದು ನಿಂತರು. ಮೂವತ್ತು ಜನರ ಎದುರು, ಮಗಳು ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಹೇಳಿದರು:

"ನಂಗೂ ಓದು ಬರಕಿಲ್ಲ ಕಣಮ್ಮ. ಮಗೂ ಪಕ್ಕ ಕೂತ್ಕಳಿ. ಅವ್ಳು ಏನೇಳ್ತಾಳೋ ಕೇಳಿ. ಅಷ್ಟೇಯ."

ಹೇಳಿ ಕೂತರು. ಯಾರೂ ನಗಲಿಲ್ಲ. ಆ ತಾಯಿ, ದಿನಕ್ಕೆ ಎಷ್ಟು ಹೊತ್ತು ಕೂರಬೇಕಣ್ಣ ಎಂದು ಅವರನ್ನೇ ಕೇಳಿದರು, ನನ್ನನ್ನಲ್ಲ.

ಕೊನೆಯ ಎರಡು ವರ್ಷ ನಾನು ಯಾವ ಮಗುವಿನ ಗುರುತನ್ನೂ ಪುಸ್ತಕ ನೋಡಿ ಹಾಕಲಿಲ್ಲ, ಬಾಯಿಂದ ಕೇಳಿಯೇ ಹಾಕಿದೆ. ಮನೆಗೆ ಕೆಲಸ ಕಳಿಸುವ ಮುನ್ನ ಆ ಮನೆಯಲ್ಲಿ ಅದನ್ನು ಯಾರು ಮಾಡಿಸಬಲ್ಲರು ಎಂದು ತಿಳಿದುಕೊಂಡೆ. ತಂದೆತಾಯಿ ಎದುರಿಗೆ ಬಂದಾಗ, ಬರೆಸಿದಿರಾ, ಓದಿಸಿದಿರಾ ಎಂದು ಕೇಳುವುದನ್ನು ಬಿಟ್ಟೆ. ನಿನ್ನೆ ಮಗು ನಿಮಗೆ ಏನು ಹೇಳಿತು ಎಂದು ಕೇಳತೊಡಗಿದೆ. ಉತ್ತರ ಇದ್ದ ಮನೆಯ ಮಕ್ಕಳ ಬಗ್ಗೆ ನನಗೆ ಹೆಚ್ಚು ಚಿಂತೆ ಇರುತ್ತಿರಲಿಲ್ಲ.