ಸಿರಿಮನೆಗೆ ಹೋಗಿ ಆತು

ನಮ್ಮ ಯಜಮಾನರ ವ್ಯಾಕರಣದಲ್ಲಿ ಭವಿಷ್ಯತ್ಕಾಲವೇ ಇಲ್ಲ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾರೆ, ಕುರ್ಚಿಯಿಂದ ಅಲ್ಲಾಡುವುದಿಲ್ಲ. ಕೊಪ್ಪದಿಂದ ಬರುವಾಗ ಗ್ಯಾಸಿನ ಪೈಪು ತನ್ನಿ ಎಂದರೆ "ಆತು" ಎನ್ನುತ್ತಾರೆ. ಆಗಿರುವುದಿಲ್ಲ. ಸಿರಿಮನೆ ಜಲಪಾತಕ್ಕೆ ಹೋಗೋಣ ಎಂದಾಗಲೂ "ಆತು" ಎಂದೇ ಹೇಳುತ್ತ ಬಂದಿದ್ದರಿಂದ, ಅವರ ಲೆಕ್ಕದಲ್ಲಿ ನಾನೂ ನನ್ನ ಅತ್ತೆಯೂ ಪ್ರತಿವರ್ಷ ಅಲ್ಲಿಗೆ ಹೋಗಿ ಬಂದಿದ್ದೇವೆ.

ಕೊಪ್ಪದ ಪಕ್ಕದ ನಮ್ಮೂರು ನಾರ್ವೆಯಿಂದ ಸಿರಿಮನೆ ಏನು ಕಾಶಿಯಲ್ಲ. ಎಲ್ಲೆಲ್ಲಿಂದಲೋ ಜನ ಕಾರು ಮಾಡಿಕೊಂಡು ಬಂದು ನೀರಿಗೆ ತಲೆಕೊಟ್ಟು ಹೋಗುತ್ತಾರೆ. ನಾವು ಮಾತ್ರ ಕೊಯ್ಲು ಮುಗಿಯಲಿ, ನೆಂಟರು ಹೋಗಲಿ, ಎಮ್ಮೆ ಕರು ಹಾಕಲಿ ಎಂದು ಕಾಯುತ್ತಿದ್ದೆವು. ಎಮ್ಮೆಯಂತೂ ತಪ್ಪದೆ ಹಾಕುತ್ತಿತ್ತು.

ಈ ಸಲ ಅತ್ತೆಯ ಮಂಡಿ ಕೈಕೊಟ್ಟಿತು. ಇನ್ನು ಮೆಟ್ಟಿಲಿನ ಆಸೆ ಬಿಡಿ ಎಂದರು ಡಾಕ್ಟರು. ಜಲಪಾತಕ್ಕೆ ಇಳಿಯುವುದೇ ಮೆಟ್ಟಿಲಲ್ಲಿ. ಮರುದಿನ ಬೆಳಿಗ್ಗೆ ಅತ್ತೆ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು.

"ಎಲ್ಲಿಗಮ್ಮ ಹೊರಟದ್ದು?" ಎಂದರು ಯಜಮಾನರು.

"ನೀ ಆತು ಅಂದ್ಯಲ, ಅಲ್ಲಿಗೆ."

"ಭಾನುವಾರ ಹೋಗನ ಬಿಡು."

"ಯಾವ ಭಾನುವಾರ ಮಾರಾಯ?"

ಅವರು ಗೋಡೆಯ ಕ್ಯಾಲೆಂಡರಿನತ್ತ ತಿರುಗುವಷ್ಟರಲ್ಲಿ ನಾವಿಬ್ಬರೂ ಬಸ್ಸು ಹತ್ತಿಯಾಗಿತ್ತು. ಶೃಂಗೇರಿಯಲ್ಲಿ ಇಳಿದು ಆಟೋ ಹಿಡಿದೆವು. ಮೆಟ್ಟಿಲಲ್ಲಿ ಅತ್ತೆ ಒಂದು ಕೈ ಕಂಬಿಗೆ, ಇನ್ನೊಂದು ನನ್ನ ಹೆಗಲಿಗೆ ಕೊಟ್ಟು, ನಡುನಡುವೆ ಕೂತು, ಡಾಕ್ಟರಿಗೆ ಬೈದು, ಅಂತೂ ಕೆಳಗೆ ಮುಟ್ಟಿದರು. ನೀರು ನೆತ್ತಿಗೆ ಬಿದ್ದದ್ದೇ ತಡ, "ಅಯ್ಯಯ್ಯಪ್ಪಾ!" ಎಂದು ಕಿರುಚಿದರು. ಹೆದರಿ ನೋಡಿದರೆ ನಗುತ್ತಿದ್ದರು.

ನಾನು ಬದಿಯಲ್ಲಿ ಬ್ಯಾಗು, ಮೊಬೈಲು, ಅವರ ಚಪ್ಪಲಿ ಹಿಡಿದು ನಿಂತಿದ್ದೆ. ಅವರಿಗೆ ಬದಲಿ ಸೀರೆ ತಂದಿದ್ದೆ, ನನಗೆ ತಂದಿರಲಿಲ್ಲ.

"ನೀ ಎಂತ ನಿಂತ್ಕಂಡಿದ್ದೀ? ಬಾ."

"ನಾನು ಇನ್ನೊಂದ್ಸಲ ಬಂದಾಗ ನೆನಿತೀನಿ ಅತ್ತೆ."

"ಇನ್ನೊಂದ್ಸಲ ನಾ ಎಲ್ಲಿ ಇಳಿತೀನಿ ಮಾರಾಯ್ತಿ? ನನ್ ಜೊತೆ ನೆನೆಯೋದಾದ್ರೆ ಇವತ್ತೇ."

ಅಂದು ಅವರು ನಗದೆ ಆಡಿದ ಮಾತು ಅದೊಂದೇ. ಕೈಯಲ್ಲಿದ್ದದ್ದನ್ನೆಲ್ಲ ಬಂಡೆಯ ಮೇಲೆ ಹಾಕಿ ನುಗ್ಗಿದೆ. ನೀರು ಬೆನ್ನಿಗೆ ಗುದ್ದಿದ ರಭಸಕ್ಕೆ ನನ್ನ ಬಾಯಿಂದಲೂ ಅದೇ ಕಿರುಚಾಟ ಹೊರಟಿತು. ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ವಾಪಸು ಬರುವಾಗ ಅತ್ತೆ ಒಣ ಸೀರೆಯಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ನಿದ್ದೆ ಹೊಡೆದರು. ಸೀಟು ಒದ್ದೆಯಾಗುತ್ತದೆಂದು ಕಂಡಕ್ಟರು ನನ್ನನ್ನು ಕೂರಲು ಬಿಡಲಿಲ್ಲ. ಊರು ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದೆ, ಗಡಗಡ ನಡುಗುತ್ತ, ನಗು ತಡೆಯಲಾಗದೆ.