ಬಾನೆಟ್ ಮೇಲಿನ ಬೈಬಲ್

ದುಬಾರೆ ಕಾಡಿಗೆ ಅಂಟಿಕೊಂಡ ಎಸ್ಟೇಟಿನಲ್ಲಿ ನಾನು ಕಾಫಿ ಹಣ್ಣು ತೂಗುವ ಕೆಲಸಕ್ಕಿದ್ದಾಗ ಅಲ್ಲೊಬ್ಬ ಮ್ಯಾನೇಜರ್ ಇದ್ದ. ಬೆಳಿಗ್ಗೆ ಹಾಜರಿ ಮುಗಿದೊಡನೆ ಜೀಪಿನ ಬಾನೆಟ್ ಮೇಲೆ ಬೈಬಲ್ ಇಟ್ಟು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿ, ಪಿಕ್ಕಿಂಗಿಗೆ ಹೊರಟ ಹೆಂಗಸರಿಗೆ ಗಟ್ಟಿಯಾಗಿ ಓದುತ್ತಿದ್ದ. ಭಾನುವಾರ ಇಗರ್ಜಿಯಲ್ಲಿ ಮಾತ್ರ ಅವನ ಗಂಟಲು ಏಳುತ್ತಿರಲಿಲ್ಲ. ಅಲ್ಲಿ ಪಾದ್ರಿ ಇದ್ದರಲ್ಲ. ಓದಿ ಮುಗಿಸಿದ ಮೇಲೆ ದಿನವೂ ಒಂದೇ ಮಾತು: “ವಾಕ್ಯ ಓದುವವನಿಗೆ ಭಯ ಎಲ್ಲಿಂದ ಬರಬೇಕು?”

ಒಂದು ಬೆಳಿಗ್ಗೆ, ಅದೇ ಇಗರ್ಜಿಗೆ ಹೋಗುವ, ಕೂಲಿಯವರ ಲೈನ್‌ಮನೆಯ ಹೆಂಗಸೊಬ್ಬಳು ಮುಂದೆ ಬಂದಳು.

“ಸಾರ್, ಕೆರೆ ಬ್ಲಾಕಲ್ಲಿ ಆನೆ ಉಂಟು. ಲದ್ದಿ ಇನ್ನೂ ಬಿಸಿ ಉಂಟು. ಫಾರೆಸ್ಟಿನವ್ರು ಬರ್ಲಿ, ಆಮೇಲೆ ಹೋಗ್ತೇವೆ.”

“ನೀ ಬೈಬಲ್ ಓದೋದಿಲ್ಲ, ಅದಕ್ಕೇ ಹೀಗೆ ನಡುಗ್ತೀಯ,” ಎಂದು ನಕ್ಕವನೇ, ಸಿಂಹಗಳ ಗವಿಯಲ್ಲಿ ದೇವರು ಭಕ್ತನನ್ನು ಕಾಪಾಡಿದ ಭಾಗ ತೆಗೆದ. ಅವನ ಓದಿನಲ್ಲಿ ಸಿಂಹಗಳು ಬಾಯಿ ಮುಚ್ಚುವಷ್ಟರಲ್ಲಿ ಕಾಫಿ ಗಿಡಗಳ ಹಿಂದಿನಿಂದ ಆನೆ ಘೀಳಿಟ್ಟಿತು.

ಹೆಂಗಸರೂ ನಾನೂ ಓಡಿ ತೂಕದ ಶೆಡ್ ಸೇರುವ ಮೊದಲೇ ಜೀಪು ರಿವರ್ಸಿನಲ್ಲಿ ಗೇಟು ದಾಟಿತ್ತು. ಒಬ್ಬರನ್ನಾದರೂ ಹತ್ತಿಸಿಕೊಳ್ಳಬೇಕೆಂದು ಆ ಭಕ್ತನಿಗೆ ಹೊಳೆಯಲಿಲ್ಲ. ಬಾನೆಟ್ ಮೇಲಿದ್ದ ಬೈಬಲ್ ಮಣ್ಣಿಗೆ ಬಿದ್ದಿತ್ತು. ಆನೆ ಹೋದ ಮೇಲೆ ಆ ಹೆಂಗಸೇ ಅದನ್ನೆತ್ತಿ, ಸೆರಗಿನಿಂದ ಒರೆಸಿ, ಮುತ್ತಿಟ್ಟು ಆಫೀಸಿಗೆ ತಲುಪಿಸಿದಳು.

ಮಾರನೆಯ ಬೆಳಿಗ್ಗೆ, “ಪವಿತ್ರ ಗ್ರಂಥಕ್ಕೆ ಮಣ್ಣು ಮೆತ್ತಿದ್ದು ನೀನಾ?” ಎಂದು ಅವಳನ್ನೇ ಗದರಿಸಿ, ಸಿಂಹಗಳ ಗವಿಯನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಿದ. ಅದೇ ಗಂಟಲು, ಕೊನೆಗೆ ಅದೇ ಮಾತು. ಬೈಬಲ್ ಮಾತ್ರ ಈ ಸಲ ಸ್ಟೀರಿಂಗ್ ಮೇಲಿತ್ತು, ಎಂಜಿನ್ ಆನ್ ಆಗಿಯೇ ಇತ್ತು.