ಹೌದೆಂದು ಆಡುವ ಕುತ್ತಿಗೆ

ನನ್ನ ಕುತ್ತಿಗೆಗೊಂದು ಅಭ್ಯಾಸವಿದೆ; ಎದುರಿನವರು ಇಂಗ್ಲಿಷಿನಲ್ಲಿ ಗಂಭೀರವಾಗಿ ಏನಾದರೂ ಹೇಳತೊಡಗಿದರೆ, ನನ್ನನ್ನು ಕೇಳದೆಯೇ ಅದು ಹೌದೆಂದು ಆಡತೊಡಗುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟು, ಪುಟ್ಟೇನಹಳ್ಳಿಯ ಅದೆಷ್ಟೋ ಮನೆಗಳಿಗೆ ಪೈಪು ಎಳೆದ ಪ್ಲಂಬರ್ ನಾನು. ಮನೆ ಮಾಲೀಕರ ಒಡನಾಟದಲ್ಲಿ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿತಿದ್ದೇನೆ. ಗೊತ್ತಿಲ್ಲವೆಂದು ಮಾತ್ರ ಯಾರಿಗೂ ಹೇಳಿದವನಲ್ಲ.

ಹೆಂಡತಿ ಸುಮಿತ್ರ ಮದುವೆಯಾದ ಮೇಲೆ ಲಾ ಓದಿದವಳು. ಕಾನೂನಿನ ಇಂಗ್ಲಿಷ್ ಬರವಣಿಗೆಯ ಪರೀಕ್ಷೆ ಪಾಸಾದರೆ ಕೆಲಸ ಕೊಡುವುದಾಗಿ ಜಯನಗರದ ವಕೀಲರೊಬ್ಬರು ಹೇಳಿದ್ದರು. ಒಮ್ಮೆ ಫೇಲಾಗಿದ್ದಳು, ಬರೆದ ಪತ್ರ ಕಕ್ಷಿದಾರನಿಗೆ ತಿಳಿಯುವಂತಿಲ್ಲ ಎಂಬುದು ಪರೀಕ್ಷಕರ ಷರಾ. ಎರಡನೇ ಸಲಕ್ಕೆ ನನ್ನನ್ನೇ ಕಕ್ಷಿದಾರನೆಂದು ಕೂರಿಸಿಕೊಂಡು, ಬೆಳಗಿನ ಕಾಫಿಯ ಹೊತ್ತಿಗೆ ತಾನು ಬರೆದದ್ದನ್ನು ಓದತೊಡಗಿದಳು. ನಾಲ್ಕು ದಿನ ನಾಲ್ಕು ಪತ್ರ. ಕುತ್ತಿಗೆ ನಾಲ್ಕಕ್ಕೂ ಆಡಿತು. ಐದನೆಯ ದಿನ, ಅಂಗಡಿ ಬಾಡಿಗೆಗೆ ಹಿಡಿದ ಕಕ್ಷಿದಾರನಿಗೆಂದು ಬರೆದ ಪತ್ರ ಓದಿ ಮುಗಿಸಿ ಕೇಳಿದಳು:

“ಸರಿ, ಈಗ ಹೇಳಿ. ಅಂಗಡಿ ಖಾಲಿ ಮಾಡ್ತೀರೋ, ಇಲ್ವೋ?”

“ಮಾಡ್ತೀನಿ. ಲಾಯರಮ್ಮ ಹೇಳಿದ್ ಮೇಲೆ ಮಾಡ್ದೆ ಇರ್ತೀನಾ?”

“ಅಯ್ಯೋ ಕರ್ಮ! ಖಾಲಿ ಮಾಡ್ಬೇಡಿ ಅಂತ ರೀ ಬರ್ದಿರೋದು! ಇಷ್ಟು ದಿನ ಸುಮ್ನೆ ತಲೆ ಆಡಿಸ್ತಿದ್ರಾ? ನಿಮ್ಮನ್ನ ನಂಬ್ಕೊಂಡು ಹೋಗಿದ್ರೆ ಮತ್ತೆ ಡುಮ್ಕಿ ಹೊಡೀತಿದ್ದೆ.”

ಗೋಡೆಯೊಳಗೆ ಪೈಪು ಹಾಕಿದ ಮೇಲೆ, ಸಿಮೆಂಟು ಮೆತ್ತುವ ಮುನ್ನ, ನೀರು ತುಂಬಿಸಿ ಒತ್ತಡ ಕೊಟ್ಟು ನೋಡುವುದು ನನ್ನ ಕಸುಬಿನ ಕ್ರಮ. ಸೋರುವುದಿದ್ದರೆ ಆಗಲೇ ಸೋರಿಬಿಡಲಿ ಎಂದು. ನೀರಿಗೆ ಮರ್ಯಾದೆಯ ಹಂಗಿಲ್ಲ. ನೀವೇ ಹೇಳಿ, ಡಾಕ್ಟರ ಮುಂದೆ, ಬ್ಯಾಂಕಿನ ಕಿಂಡಿಯ ಮುಂದೆ ನನ್ನಂಥವರ ಎಷ್ಟು ಕುತ್ತಿಗೆಗಳು ಆಡಿಲ್ಲ, ಓದಿದವರು ಆ ಆಟವನ್ನೇ ನಂಬಿ ತಾವು ಹೇಳಿದ್ದು ಮುಟ್ಟಿತೆಂದು ಎಷ್ಟು ಸಲ ಸಮಾಧಾನಪಟ್ಟಿಲ್ಲ?

ಮಾರನೆಯ ಬೆಳಿಗ್ಗೆ ಎರಡನೇ ಸಾಲಿಗೇ ಕೈ ಎತ್ತಿದೆ. “ಇದು ತಿಳೀಲಿಲ್ಲ ಕಣೇ.” ಹದಿನೆಂಟು ವರ್ಷದ ಸಂಸಾರದಲ್ಲಿ ಈ ಮಾತು ಅದೇ ಮೊದಲು. ಅವಳು ಅಣಕಿಸಲಿಲ್ಲ, ಸಾಲು ಹೊಡೆದುಹಾಕಿ ಬೇರೆ ಬರೆದಳು. ಪರೀಕ್ಷೆಯವರೆಗೂ ಹೀಗೇ ನಡೆಯಿತು.

ಪಾಸಾದಳು. ಕೆಲಸಕ್ಕೆ ಸೇರುವ ದಿನ ನಾನೂ ಜೊತೆಗಿದ್ದೆ. ಈ ಸಲ ಹೇಗೆ ಓದಿದಿರಿ ಎಂದು ವಕೀಲರು ಕೇಳಿದ್ದಕ್ಕೆ ನನ್ನತ್ತ ಬೊಟ್ಟು ಮಾಡಿ, “ಇವ್ರಿಗೆ ಅರ್ಥ ಆಗ್ಲಿಲ್ಲ ಸಾರ್, ಅದಕ್ಕೇ ಪಾಸಾದೆ” ಎಂದುಬಿಟ್ಟಳು. ನನ್ನ ಕಿವಿ ಬಿಸಿಯಾಯಿತು. ವಕೀಲರು ನಗಲಿಲ್ಲ, ಮೇಜಿನ ಮೇಲಿದ್ದ ತಮ್ಮದೇ ಪತ್ರವೊಂದನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, “ಒಂಚೂರು ಇದನ್ನೂ ಕೇಳ್ತೀರಾ?” ಎಂದರು.

ಕುರ್ಚಿ ಎಳೆದುಕೊಂಡು ಕೂತೆ.